ನಾಲೆ ಏರಿಯ ಸಾಹೇಬರು

ಶಿವಮೊಗ್ಗದಿಂದ ಮಾಚೇನಹಳ್ಳಿಯ ಕೆಲಸಕ್ಕೆ ಇನ್ನು ಮೇಲೆ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಕೇಳಿದ್ದು, "ಶುಗರ್ ಎಷ್ಟು ಬಂತು?" ನಮ್ಮಲ್ಲಿ ಐವತ್ತು ದಾಟಿದವನು ಸೈಕಲ್ ಹತ್ತಿದರೆ ಜನ ಎರಡೇ ಕಾರಣ ಹುಡುಕುತ್ತಾರೆ. ಒಂದೋ ಡಾಕ್ಟರು ಹೆದರಿಸಿರಬೇಕು, ಇಲ್ಲ ಫೈನಾನ್ಸಿನವರು ಬೈಕು ಎಳೆದುಕೊಂಡು ಹೋಗಿರಬೇಕು. ಸುಮ್ಮನೆ ಖುಷಿಗೆ ಅಂದರೆ, "ಪಾಪ, ಹೇಳಿಕೊಳ್ಳೋಕೆ ಸಂಕೋಚ" ಎಂದು ಇನ್ನಷ್ಟು ಮರುಗುತ್ತಾರೆ.

ಈ ಖುಷಿಯ ಹುಳವನ್ನು ತಲೆಗೆ ಬಿಟ್ಟವನು ನನ್ನ ಅಕ್ಕನ ಮಗ. ಅವನು ಕೆಲಸ ಮಾಡುವುದು ಫ್ರಾನ್ಸಿನಲ್ಲಿ, ಲ್ವಾರ್ ನದಿಯ ದಡದ ಒಂದು ಊರಿನಲ್ಲಿ. ಆ ನದಿಯ ಕಣಿವೆಯುದ್ದಕ್ಕೂ ಸಮುದ್ರದವರೆಗೆ ಸುಮಾರು 900 ಕಿಲೋಮೀಟರ್ ಸೈಕಲ್ ದಾರಿ ಇದೆಯಂತೆ. ಕೆಲವು ಕಡೆ ಹಳ್ಳಿ ರಸ್ತೆ, ಇನ್ನು ಕೆಲವು ಕಡೆ ಮೋಟಾರು ಗಾಡಿಗೆ ಪ್ರವೇಶವೇ ಇಲ್ಲದ ಹಾದಿ. ಒಂದು ಭಾನುವಾರ ಆ ದಾರಿಯಿಂದಲೇ ವಿಡಿಯೋ ಕಾಲ್ ಮಾಡಿದ. "ನೋಡು ಮಾಮ, ಒಂದಾದ್ರೂ ಗಾಡಿ ಇದ್ಯಾ?" ಇರಲಿಲ್ಲ. ಹೊಳೆ, ಮರ, ಗುಡಿಸಿಟ್ಟ ದಾರಿ, ಮುಂದಿನ ಊರಿಗೆ ಎಷ್ಟು ದೂರ ಎಂದು ಬರೆದ ಹಸಿರು ಫಲಕ. "ಒಬ್ಬ ಮನುಷ್ಯನಾದ್ರೂ ಇದಾನೇನೋ?" ಎಂದು ಕೇಳಿದೆ. "ಅದೇ ಮಾಮ ಇಲ್ಲಿ ಚಂದ" ಎಂದ. ನನಗೆ ಸ್ವಲ್ಪ ಭಯವಾಯಿತು. ಅಲ್ಲಿ ಚೈನು ಕಳಚಿದರೆ ಯಾರನ್ನು ಬಯ್ಯುವುದು?

ಅವರ ಉಪಾಯ ಮಾತ್ರ ಮೆಚ್ಚುವಂಥದ್ದು. ಬರ್ಗಂಡಿ ಪ್ರಾಂತ್ಯದಲ್ಲಿ ಜಿವ್ರಿಯಿಂದ ಕ್ಲೂನಿಯವರೆಗೆ ಮುಚ್ಚಿಹೋಗಿದ್ದ ರೈಲು ಹಾದಿಯ ಮೇಲೆ ಡಾಂಬರು ಹಾಕಿ 1997ರಲ್ಲಿ ಸೈಕಲ್ಲಿಗೆ ಬಿಟ್ಟುಕೊಟ್ಟರು. ಅದು ಕೈಹಿಡಿಯಿತು. ಆಮೇಲೆ ದೇಶದ ತುಂಬ ಅಂಥವು ಎದ್ದವು. ರೈಲಿಗೆ ಕಡಿದಾದ ಏರು ಆಗದು. ಆದ್ದರಿಂದ ರೈಲು ಹೋಗಿದ್ದ ಕಡೆ ಸೈಕಲ್ಲಿನವನ ಮಂಡಿಯೂ ಉಳಿಯುತ್ತದೆ. ಹಳೆಯ ಕಾಲುವೆಗಳ ಪಕ್ಕದ ದಾರಿಗಳನ್ನೂ ಹೀಗೇ ಬಳಸಿಕೊಂಡರು. ಹಿಂದೆ ಕುದುರೆಗಳು ಆ ದಾರಿಯಲ್ಲಿ ನಡೆಯುತ್ತ ದೋಣಿ ಎಳೆಯುತ್ತಿದ್ದವು. ಈಗ ನಿವೃತ್ತ ಮೇಷ್ಟರುಗಳು ಪೆಡಲು ತುಳಿಯುತ್ತಾರೆ.

ಅಳಿಯನ ಜಂಭ ಕೇಳಿ ನನ್ನ ಜಿಲ್ಲಾಭಿಮಾನ ಕೆರಳಿತು. ನಮ್ಮಲ್ಲೇನು ಮುಚ್ಚಿಹೋದ ಹಳಿಗಳಿಗೆ ಬರವೆ? ಬೆಂಕಿಪುರ ಎಂಬ ಹೆಸರಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉರಿಯತೊಡಗಿದಾಗ ಅದರ ಹೊಟ್ಟೆಗೆ ಬೇಕಿದ್ದುದು ಇದ್ದಿಲು. ಕಾಡಿನಿಂದ ಸೌದೆ ಹೊರಲು ಟ್ರಾಮ್ ಹಳಿಗಳಿದ್ದವು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಪುಟ್ಟ ರೈಲೂ ಓಡಿತ್ತು. ಆ ಕಂಬಿಗಳು ಎದ್ದುಹೋದ ಮೇಲೆ ಅಲ್ಲಿ ಸೈಕಲ್ ಹಾದಿ ಮಾಡೋಣ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅಡಿಕೆ ಸಸಿ ನೆಡೋಣ ಎಂದು ಕೆಲವರಿಗಾದರೂ ಹೊಳೆದಿರಲಿಕ್ಕೆ ಸಾಕು. ಮಲೆನಾಡಿನವನಿಗೆ ನಾಲ್ಕಡಿ ಸಮತಟ್ಟು ಜಾಗ ಕಂಡರೆ ಬೇರೇನು ತಾನೆ ಹೊಳೆದೀತು!

ಹಳಿ ಹೋಯಿತು, ಉಳಿದದ್ದು ಹೆದ್ದಾರಿ. ಶಿವಮೊಗ್ಗ ಬಿಟ್ಟರೆ ಹರಿಗೆ, ಮಲವಗೊಪ್ಪ, ನಿದಿಗೆ, ಆಮೇಲೆ ಮಾಚೇನಹಳ್ಳಿ. ಹಾಗೇ ಹೋದರೆ ಭದ್ರಾವತಿ. ಈ ಹೆದ್ದಾರಿಗೆ ಮೊದಲು 206 ಎಂಬ ನಂಬರಿತ್ತು, ಈಗ 69. ನಂಬರು ಇಳಿದಷ್ಟು ಲಾರಿ ಇಳಿಯಲಿಲ್ಲ. ಕೈಗಾರಿಕಾ ಪ್ರದೇಶದ ಎರಕದ ಸಾಮಾನು, ಹಾಲಿನ ಟ್ಯಾಂಕರು, ಎಲ್ಲರಿಗಿಂತ ಮೊದಲು ಮುಟ್ಟಲೇಬೇಕೆಂದು ಆಣೆ ಮಾಡಿ ಹೊರಟ ಖಾಸಗಿ ಬಸ್ಸು. ಇವುಗಳ ಮಧ್ಯೆ ಸೈಕಲ್ಲಿನವನಿಗೆ ಸಿಗುವುದು ಬಿಳಿ ಗೆರೆಯಿಂದಾಚೆಯ ಒಂದೂವರೆ ಅಡಿ. ಅದರಲ್ಲಿ ಒಂದಡಿಯನ್ನು ಜಲ್ಲಿಯೂ ಮಲಗಿದ ಎಮ್ಮೆಯೂ ಹಂಚಿಕೊಂಡಿರುತ್ತವೆ. ಭದ್ರಾವತಿಯ ಕಾರ್ಖಾನೆಗಳ ಶಿಫ್ಟು ಬಿಟ್ಟಾಗ ರಸ್ತೆಯ ತುಂಬ ಸೈಕಲ್ಲುಗಳೇ ಇರುತ್ತಿದ್ದವು, ಲಾರಿಯವನೇ ಬದಿಗೆ ನಿಲ್ಲುತ್ತಿದ್ದ ಎಂದು ಹಳಬರು ಹೇಳುತ್ತಾರೆ. ಈಗ ಲಾರಿಯವನು ಹಾರನ್ ಹೊಡೆಯುವುದೂ ಒಂದು ಮರ್ಯಾದೆ ಎಂದುಕೊಳ್ಳಬೇಕು.

ಹಾಗಾಗಿ ನಾನು ನಾಲೆ ಏರಿ ಹಿಡಿದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ಎರಡು ದೊಡ್ಡ ನಾಲೆಗಳು ಹೊರಡುತ್ತವೆ. ಬಲದಂಡೆಯದು 100 ಕಿಲೋಮೀಟರ್ ಮೀರಿ ದಾವಣಗೆರೆ ಸೀಮೆಯತ್ತ ಹೋಗುತ್ತದೆ, ಎಡದಂಡೆಯದು ನಮ್ಮ ಕಡೆಗೆ. ನೀರು ತಾನಾಗಿ ಹರಿಯಲು ಎಷ್ಟು ಬೇಕೋ ಅಷ್ಟೇ ಇಳಿಜಾರನ್ನು ಎಂಜಿನಿಯರುಗಳು ಲೆಕ್ಕ ಹಾಕಿ ಕೊಟ್ಟಿದ್ದಾರೆ. ಏರಿಯ ಮೇಲಿನ ಮಣ್ಣು ದಾರಿ ನೀರಾವರಿ ಇಲಾಖೆಯ ಜೀಪು ಓಡಾಡಲೆಂದು ಮಾಡಿದ್ದು. ಜೀಪು ದಿನಾ ಬರುವುದಿಲ್ಲವಾದ್ದರಿಂದ ಅದು ನನ್ನ ಪಾಲಿಗೆ ಬಂತು. ಹೆದ್ದಾರಿಗಿಂತ ಸುತ್ತು ನಿಜ. ಆದರೆ ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಗದ್ದೆ, ಆಚೆ ತೋಟ. ಫ್ರಾನ್ಸಿನವರು ಕೋಟಿ ಸುರಿದು ಮಾಡಿಕೊಂಡದ್ದು ನಮಗೆ ಬಿಟ್ಟಿ ಸಿಕ್ಕಿದೆ. ಗೇರಿನ ಸೈಕಲ್ಲೂ ಬೇಡ, ತಮ್ಮನ ಹಳೇ ಅಟ್ಲಾಸ್ ಸಾಕು.

ಗಾಡಿಯಿಲ್ಲದ ದಾರಿ ಅಂದೆನೇ ಹೊರತು ಜನರಿಲ್ಲದ ದಾರಿ ಅನ್ನಲಿಲ್ಲ. ಮೆಟ್ಟಿಲಲ್ಲಿ ಬಟ್ಟೆ ಒಗೆಯುವವರು, ಸೇತುವೆ ಕಟ್ಟೆಯ ಮೇಲೆ ಡ್ಯಾಮಿನ ಮಟ್ಟದ ಚರ್ಚೆ ನಡೆಸುವವರು, ಏರಿಯ ಮೇಲೆ ಭತ್ತ ಹರಡಿ "ಅದ್ರ ಮೇಲೇ ಹೋಗಿ ಸಾರ್, ಒಂದಷ್ಟು ಹೊಟ್ಟು ಬಿಡ್ತದೆ" ಎನ್ನುವವರು. 186 ಅಡಿ ತುಂಬಿದರೆ ಡ್ಯಾಮು ಭರ್ತಿ ಎಂಬುದು ಇಲ್ಲಿ ಸ್ಕೂಲು ಸೇರದ ಮಗುವಿಗೂ ಗೊತ್ತು. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದ್ದು 2006–07ರಲ್ಲಿ. ಅಂಥದೊಂದು ಸರ್ಕಾರಿ ಸೈಕಲ್ಲಿನ ಕ್ಯಾರಿಯರಿನಲ್ಲಿ ತಮ್ಮನನ್ನು ಕೂರಿಸಿಕೊಂಡು, ಹ್ಯಾಂಡಲ್ಲಿಗೆ ಹುಲ್ಲಿನ ಹೊರೆ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ನನ್ನನ್ನು ಹಿಂದೆ ಹಾಕಿದ್ದಲ್ಲದೆ, ತಿರುಗಿ ನೋಡಿ, "ಅಂಕಲ್, ಟಯರಲ್ಲಿ ಗಾಳಿ ಇಲ್ಲ" ಎಂದು ಹೇಳಿ ಹೋದಳು. ಗಾಳಿ ಇತ್ತು.

ತೊಂದರೆ ಶುರುವಾದದ್ದು ಅಳಿಯ ಕಳಿಸಿದ ಹೆಲ್ಮೆಟ್ಟು ಮತ್ತು ಮಿಂಚುವ ಕಿತ್ತಳೆ ಜಾಕೆಟ್ಟಿನಿಂದ. ಅವನ್ನು ಹಾಕಿಕೊಂಡು ಏರಿ ಹತ್ತಿದ ಮೊದಲ ದಿನ, ಮುಂದೆಲ್ಲೋ ಬಡಬಡ ಎನ್ನುತ್ತಿದ್ದ ಮೋಟಾರು ನಾನು ಹತ್ತಿರವಾದಂತೆ ಗಕ್ಕನೆ ನಿಂತಿತು. ನಾಲೆಗೆ ಇಳಿಬಿಟ್ಟಿದ್ದ ಕರಿ ಪೈಪು ಸರಸರನೆ ತೋಟದೊಳಗೆ ಸೇರಿಕೊಂಡಿತು. ಇನ್ನೊಂದು ಫರ್ಲಾಂಗಿಗೆ ಇನ್ನೊಂದು ಮೋಟಾರು ನಿಂತಿತು. ನಾಲೆಗೇ ಪಂಪ್‌ಸೆಟ್ ಹಚ್ಚಿ ನೀರೆತ್ತುವುದು ಅಕ್ರಮ. ಮೇಲಿನವರು ಎತ್ತಿದಷ್ಟೂ ಕೊನೆ ಭಾಗದವರ ಗದ್ದೆ ಬಿರಿಯುತ್ತದೆ. ಅದನ್ನು ತೆಗೆಸಲು ಸಾಹೇಬರು ಬರುವುದುಂಟು. ಆದರೆ ಸೈಕಲ್ ಮೇಲೆ ಬಂದದ್ದು ಇದೇ ಮೊದಲು. "ಜೀಪಿನ ಸದ್ದು ಕೇಳಿದ್ರೆ ನಾವು ಎಚ್ಚರ ಆಗ್ತೀವಿ ಅಂತ ಹೊಸ ಪ್ಲಾನು ಮಾಡವ್ರೆ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು.

"ನಾನು ಇಲಾಖೆಯವನಲ್ಲ, ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯೋನು" ಎಂದೆ. ಆತ ಕಣ್ಣು ಮಿಟುಕಿಸಿ, "ಗೊತ್ತಾಯ್ತು ಬಿಡಿ ಸಾರ್, ನಾವೂ ಯಾರಿಗೂ ಹೇಳಲ್ಲ" ಎಂದು ಎಳನೀರು ಕೆತ್ತಿ ಕೈಗಿಟ್ಟ. ದುಡ್ಡು ಕೊಡಲು ಹೋದೆ. ಆಗಂತೂ ಅವನ ಮುಖದ ಕಳೆಯೇ ಇಳಿಯಿತು. ಎಳನೀರಿಗೆ ದುಡ್ಡು ಕೊಡುವ ಸಾಹೇಬ ಇನ್ನೇನೇನು ಅನಾಹುತ ಮಾಡುತ್ತಾನೋ!

ಸುದ್ದಿ ನೀರಿಗಿಂತ ಬೇಗ ಕೊನೆ ಭಾಗ ತಲುಪಿತು. ಒಂದು ಬೆಳಿಗ್ಗೆ ತೂಬಿನ ಹತ್ತಿರ ಒಬ್ಬ ಅಜ್ಜ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದ. ಪಂಚೆಯ ಮಡಿಲಿನಿಂದ ನಾಲ್ಕು ಮಡಿಕೆಯ ಅರ್ಜಿ ಹೊರಗೆ ಬಂತು. ಉಪನಾಲೆಗೆ ನೀರು ಬಂದಿಲ್ಲ, ಸಸಿ ಮಡಿ ಒಣಗುತ್ತಿದೆ, ದಯಮಾಡಿ ಕ್ರಮ ಜರುಗಿಸಬೇಕು. ಕೆಳಗೆ ಹತ್ತಾರು ಸಹಿ, ಉಳಿದದ್ದು ಹೆಬ್ಬೆಟ್ಟು. "ಅಜ್ಜ, ನಾನು ಆ ಆಫೀಸಿನವನಲ್ಲ." "ಆಗ್ಲಿ ಸ್ವಾಮಿ. ನಾಲೆ ನೀರಿನ ಕಾಡಾ ಆಫೀಸು ಮಲವಗೊಪ್ಪದಾಗಲ್ವಾ ಇರೋದು? ನೀವು ಆ ಕಡೇರೇ ತಾನೆ? ಕೊಟ್ಟು ಹೋಗಿ." ತರ್ಕಕ್ಕೆ ಉತ್ತರವಿರಲಿಲ್ಲ. ಯಾವ ಹೆದ್ದಾರಿಯನ್ನು ತಪ್ಪಿಸಲೆಂದು ನಾಲೆ ಹಿಡಿದಿದ್ದೆನೋ ಅದೇ ಹೆದ್ದಾರಿಯಲ್ಲಿ, ಲಾರಿಗಳ ನಡುವೆ, ಅರ್ಜಿಯನ್ನು ಬನಿಯನ್ನಿನೊಳಗೆ ಇಟ್ಟುಕೊಂಡು ಹೋಗಿ ಸೀಲು ಹಾಕಿಸಿಕೊಂಡು ಬಂದೆ.

ನಾಲೆಗಳಿಗೆ ನೀರನ್ನು ಸರದಿಯ ಮೇಲೆ ಬಿಡುತ್ತಾರೆ. ಅಜ್ಜನ ಉಪನಾಲೆಯ ಸರದಿ ಬಂದು ನೀರೂ ಬಂತು. ಸರದಿಯ ಪಟ್ಟಿ ಅರ್ಜಿಗಿಂತ ಮೊದಲೇ ಆಗಿದ್ದಿರಬೇಕು ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಕೇಳುವವರಿಲ್ಲ. ಅಲ್ಲಿಂದಾಚೆಗೆ ಏರಿಯ ಮೇಲೆ ಪ್ರತಿ ಸೇತುವೆಗೂ ಒಬ್ಬೊಬ್ಬರು ಕಾದು ನಿಲ್ಲತೊಡಗಿದರು. ಮೊದಲು ತೂಬಿನ ಬಾಗಿಲು, ಆಮೇಲೆ ರೇಷನ್ ಕಾರ್ಡು, ಆಮೇಲೆ ಪೋಡಿ ದುರಸ್ತಿ. ಮಗಳಿಗೆ ಮಾಚೇನಹಳ್ಳಿಯಲ್ಲಿ ಕೆಲಸ ಕೊಡಿಸಿ ಎಂಬುದೊಂದೇ ನನ್ನ ವ್ಯಾಪ್ತಿಗೆ ಹತ್ತಿರದ್ದು. ಅದೂ ನಮ್ಮ ಓನರು ಹೂಂ ಅಂದರೆ. ಕ್ಯಾರಿಯರಿನಲ್ಲಿ ಟಿಫನ್ ಡಬ್ಬಿಯ ಪಕ್ಕ ಒಂದು ಫೈಲೇ ಆಯಿತು. ತಡವಾಗಿ ಕೆಲಸಕ್ಕೆ ಹೋಗಿ, "ಅರ್ಜಿ ಸ್ವೀಕಾರ ಇತ್ತು" ಎಂದು ಯಾವ ಲೆಕ್ಕದವನಾದರೂ ಹೇಳಲು ಸಾಧ್ಯವೆ?

ಹೆಲ್ಮೆಟ್ಟು ಜಾಕೆಟ್ಟು ಎರಡನ್ನೂ ಮನೆಯಲ್ಲಿ ಬಿಟ್ಟು ಹೋಗಿ ನೋಡಿದೆ. "ಸಾಹೇಬ್ರು ಇವತ್ತು ಮಫ್ತಿಯಲ್ಲಿ ಬಂದವ್ರೆ" ಎಂದರು.

ಕೊನೆಗೆ ನಾಲೆಯ ಎದುರು ಏರಿ ಹಿಡಿದೆ. ಆ ಕಡೆ ದಾರಿ ಕಿರಿದು, ಜೀಪು ಹೋಗುವಂತಿಲ್ಲ, ಜಾಲಿ ಮುಳ್ಳು ಬೇರೆ. ಆದರೆ ಯಾರಿಗೂ ನನ್ನ ಗುರುತಿಲ್ಲ. ಎರಡು ಬೆಳಿಗ್ಗೆ ನೆಮ್ಮದಿಯಾಗಿ ಕಳೆದವು. ಮೋಟಾರುಗಳು ನನ್ನ ಪಕ್ಕದಲ್ಲೇ ಧೈರ್ಯವಾಗಿ ಬಡಬಡಿಸಿದವು. ಮೂರನೆಯ ಬೆಳಿಗ್ಗೆ ಹಳೇ ಏರಿಯಲ್ಲಿ ನಿಂತಿದ್ದ ಎಳನೀರಿನವ ನನ್ನನ್ನು ಕಂಡು, ಬಾಯಿಗೆ ಎರಡೂ ಕೈ ಹಿಡಿದು, ಈ ದಂಡೆಯವರಿಗೆ ಕೇಳುವಂತೆ ಕೂಗಿದ:

"ಲೇ ತಮ್ಮಾ, ನಮ್ಮ ಸಾಹೇಬ್ರಿಗೆ ನಿಮ್ಮ ಕಡೆಗೆ ವರ್ಗ ಆಗೈತೆ ಕಣೋ!"

ನನ್ನ ಪಕ್ಕದ ಮೋಟಾರು ಗಕ್ಕನೆ ನಿಂತಿತು.