ಗೋಧಿ ಮ್ಯಾಲ ಜ್ವಾಳ

ನಮ್ಮ ಕಡೆ ಗಿರಣಿಗೆ ಹೋದವರು ತಲೆಯ ಮೇಲಿನ ಡಬ್ಬಿ ಇಳಿಸುವ ಮೊದಲೇ ಒಂದು ಮಾತು ಕೇಳುತ್ತಾರೆ: "ಕಾಕಾ, ಯಾವುದರ ಮ್ಯಾಲ ಹಾಕ್ತಿ?" ಮುಂದಿನವರದು ಜೋಳವೇ ಆಗಿದ್ದರೆ ಡಬ್ಬಿ ಸಾಲಿಗೆ ಸೇರುತ್ತದೆ. ಗೋಧಿಯಾಗಿದ್ದರೆ ಮೂಗು ಸ್ವಲ್ಪ ಮೇಲೇರುತ್ತದೆ. ಕಡಲೆಬೇಳೆಯಾಗಿದ್ದರಂತೂ ಡಬ್ಬಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿ, ಹಿಂದಿದ್ದವರಿಗೆ ಬಹಳ ಉದಾರವಾಗಿ "ನೀವು ಮುಂದ ಹೋಗ್ರಿ, ನಮಗೇನ್ ಅವಸರ ಇಲ್ಲ" ಅನ್ನುತ್ತಾರೆ. ಕುಸನೂರಿನ ಗಿರಣಿಯಲ್ಲಿ ಈ ಉದಾರತೆಯ ಲಾಭ ಪಡೆದು ನಾನು ಎಷ್ಟೋ ಸಲ ಬೇಗ ಮನೆಗೆ ಬಂದಿದ್ದೇನೆ. ಬಂದು, ರೊಟ್ಟಿಗೆ ಭಜಿಯ ವಾಸನೆ ಹತ್ತಿಸಿದ್ದಕ್ಕೆ ಬೈಸಿಕೊಂಡಿದ್ದೇನೆ. ಇದೆಲ್ಲ ನಾಲಿಗೆಯ ಚಾಪಲ್ಯ, ಹೆಂಗಸರ ಕಾರುಬಾರು ಎಂದು ಮೂವತ್ತು ವರ್ಷ ತಿಳಿದಿದ್ದೆ. ಆ ಪ್ರಶ್ನೆಯೊಳಗೆ ವೈದ್ಯಶಾಸ್ತ್ರವೂ ಇದೆ ಎಂದು ಕಲಿಸಿದವನು ಏಳು ವರ್ಷದ ಮೊಮ್ಮಗ.

ಎರಡು ವರ್ಷದಿಂದ ಅವನ ಎತ್ತರ ಬಾಗಿಲ ಚೌಕಟ್ಟಿನ ಮೇಲಿನ ಪೆನ್ಸಿಲ್ ಗೀಟನ್ನು ದಾಟಿರಲಿಲ್ಲ. ಹೊಟ್ಟೆ ಉಬ್ಬರ, ಮೈಯಲ್ಲಿ ರಕ್ತ ಕಡಿಮೆ. ರಕ್ತಪರೀಕ್ಷೆ ಆಯಿತು, ದುರ್ಬೀನು ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ನೋಡುವುದೂ ಆಯಿತು. ಡಾಕ್ಟರು "ಸೀಲಿಯಾಕ್" ಅಂದರು. ಗೋಧಿ, ಬಾರ್ಲಿ, ರೈ ಈ ಮೂರರಲ್ಲಿರುವ ಗ್ಲುಟೆನ್ ಎಂಬ ಅಂಟಿನ ಪ್ರೋಟೀನು ಒಳಗೆ ಹೋದರೆ ಹುಡುಗನ ಮೈ ತನ್ನ ಕರುಳಿನ ಮೇಲೆ ತಾನೇ ದಂಡೆತ್ತಿ ಹೋಗುತ್ತದೆ. ಉಂಡದ್ದನ್ನು ಹೀರಿಕೊಳ್ಳುವ ನವಿರು ಬೆರಳುಗಳು ಸವೆದು ಚಪ್ಪಟೆಯಾಗುತ್ತವೆ. ಮಾತ್ರೆ ಇಲ್ಲ, ಪಥ್ಯವೇ ಔಷಧ, ಅದೂ ಜೀವಮಾನಪೂರ್ತಿ.

"ಏನಂತ ಅದಕ್ಕ?" ಅಂದಳು ಎಂಬತ್ತೈದರ ಅವ್ವ.

"ಗ್ಲುಟೆನ್, ಅವ್ವ."

"ಗಲಾಟೆನ?"

ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಗಲಾಟೆ ಎಂದೇ ಹೆಸರು. ಗಲಾಟೆ ಇದ್ದ ಡಬ್ಬಿ, ಗಲಾಟೆ ಇಲ್ಲದ ಡಬ್ಬಿ.

ಮನೆಯವರು ಮಾತ್ರ ಎದೆಗುಂದಲಿಲ್ಲ. "ಮುಂಜಾನಿ ರೊಟ್ಟಿ, ಸಂಜಿಗೂ ರೊಟ್ಟಿ. ಜ್ವಾಳದಾಗ ಎಲ್ಲೀ ಗಲಾಟೆ?" ಮಾತು ಖರೆ. ಜೋಳ, ಸಜ್ಜೆ, ಅಕ್ಕಿ, ರಾಗಿ, ಮೆಕ್ಕೆಜೋಳ, ನಮ್ಮ ತೊಗರಿ, ಯಾವುದರಲ್ಲೂ ಅದಿಲ್ಲ. 2023ನ್ನು ಸಿರಿಧಾನ್ಯ ವರ್ಷವೆಂದು ಜಗತ್ತೆಲ್ಲ ಆಚರಿಸುವ ಹೊತ್ತಿಗೆ ನಾವು ಮಾಲದಂಡಿ ಜೋಳ ತಿಂದು ತೇಗಿ ತಲೆಮಾರುಗಳೇ ಕಳೆದಿದ್ದವು. ಹಾಗಿದ್ದರೆ ಹುಡುಗನ ಹೊಟ್ಟೆಗೆ ಗೋಧಿ ಹೋದದ್ದು ಎಲ್ಲಿಂದ? ಲೆಕ್ಕ ಹಾಕಿದೆವು: ನಾಷ್ಟಾಕ್ಕೆ ರವೆ ಉಪ್ಪಿಟ್ಟು, ಚಹಾದೊಳಗೆ ಅದ್ದಿದ ಬಿಸ್ಕೀಟು, ಶಾಲೆಯ ಡಬ್ಬಿಗೆ ಚಪಾತಿ, ಸಂಜೆ ಬೇಕರಿಯ ಖಾರಿ. ರೊಟ್ಟಿಯ ಮನೆ ಎಂಬ ಬೋರ್ಡಿನ ಕೆಳಗೆ ನಾವು ಗೋಧಿಯ ಅಂಗಡಿ ನಡೆಸುತ್ತಿದ್ದೆವು.

ನನ್ನ ವಾಕಿಂಗ್ ಗೆಳೆಯರಲ್ಲಿ ಒಬ್ಬರಿದ್ದಾರೆ. ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಬೇವಿನ ಗಿಡಗಳ ನಡುವೆ ನನ್ನ ಕಥೆ ಕೇಳಿ, ಮರುದಿನದಿಂದ ತಾವೂ ಗೋಧಿ ಬಿಟ್ಟರು. ಶನಿವಾರದ ಜಿಲೇಬಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಅನುಮಾನವಿದ್ದರೆ ಮೊದಲು ಪರೀಕ್ಷೆ, ಆಮೇಲೆ ಪಥ್ಯ, ಮೊದಲೇ ಗೋಧಿ ಬಿಟ್ಟರೆ ಪರೀಕ್ಷೆಯಲ್ಲಿ ರೋಗ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವರಿಗೆ ಹೇಳಿದೆ. "ನನಗ ರೋಗ ಇಲ್ರಿ, ಫ್ಯಾಶನ್ ಅದ" ಅಂದರು. ಪ್ರಾಮಾಣಿಕರು.

ಊಟದ ಗಾಡಿ ಹೇಗೋ ನಡೆಯಿತು. ಸಿಕ್ಕಿಕೊಂಡದ್ದು ಹುಟ್ಟುಹಬ್ಬದಲ್ಲಿ. ಹುಡುಗನಿಗೆ ಕೇಕ್ ಬೇಕು. ರೊಟ್ಟಿಯ ಮೇಲೆ ಮೇಣದಬತ್ತಿ ನಿಲ್ಲಿಸುವ ನನ್ನ ಸಲಹೆಯನ್ನು ಯಾರೂ ಚರ್ಚೆಗೆ ತೆಗೆದುಕೊಳ್ಳಲಿಲ್ಲ. ಡಲ್ಲಾಸಿನಲ್ಲಿರುವ ಅಣ್ಣನ ಮಗಳು ಫೋನಿನಲ್ಲಿ ವಿಧಾನ ಹೇಳಿದಳು: "ಕಾಕಾ, ಭಾಳ ಸರಳ ಅದ. ಎರಡು ಕಪ್ ಕಾರ್ನ್ ಫ್ಲೋರ್ ತಗೋರಿ." ಸರಳವಾದದ್ದು ಅಲ್ಲಿಗೇ ಮುಗಿಯಿತು.

ಮೈಸೂರಿನಿಂದ ಬಂದ ಸೊಸೆ "ಕಾರ್ನ್ ಅಂದ್ರೆ ಜೋಳ ಅಲ್ವಾ ಮಾವ, ಜೋಳದ ಹಿಟ್ಟು ತನ್ನಿ" ಅಂದಳು. ಮನೆಯವರು ರೊಟ್ಟಿ ಹಿಟ್ಟಿನ ಡಬ್ಬಿ ಮುಂದಿಟ್ಟರು. ಸೊಸೆ ಹೌಹಾರಿದಳು. ಅವಳ ಜೋಳ ಚಾಮುಂಡಿಬೆಟ್ಟದಲ್ಲಿ ಕೆಂಡದ ಮೇಲೆ ಸುಟ್ಟು ನಿಂಬೆಹುಳಿ ಹಚ್ಚಿ ಕೊಡುವ ಮುಸುಕಿನ ಜೋಳ. ನಮ್ಮಲ್ಲಿ ಅದು ಮೆಕ್ಕಿಜ್ವಾಳ, ಧಾರವಾಡದ ಕಡೆ ಗೋವಿನಜೋಳ. ನಮ್ಮ ಜೋಳವನ್ನು ಅವಳು ಮದುವೆಯಾಗುವ ತನಕ ಕಣ್ಣಾರೆ ಕಂಡಿರಲಿಲ್ಲ. ಇಬ್ಬರ ಜಗಳ ಬಗೆಹರಿಸಲು ನಾನು ಕಿರಾಣಿ ಅಂಗಡಿಗೆ ಹೋಗಿ "ಕಾರ್ನ್ ಫ್ಲೋರ್" ಅಂದೆ. ಅವನು ಮೂರನೆಯದನ್ನೇ ಕೊಟ್ಟ: ಹಾಲಿನಂಥ ಬಿಳಿ ಪುಡಿ, ಹಿಸುಕಿದರೆ ಕರಕರ ಅನ್ನುವಂಥದ್ದು. ಗೋಬಿ ಮಂಚೂರಿಗೆ ಹಾಕುತ್ತಾರಲ್ಲ, ಅದು.

ಎರಡು ಕಪ್ ಆ ಬಿಳಿಪುಡಿ, ಮೊಸರು, ಸಕ್ಕರೆ, ಎಣ್ಣೆ. ಮೊಟ್ಟೆ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ ತೆಗೆದು, ರಬ್ಬರು ತೆಗೆದು ಒಂದು ತಾಸು ಕಾದೆವು. ಹೊರಬಂದದ್ದು ಬೆಳ್ಳಗೆ, ಚೌಕಾಗಿ, ಒಣಗಿ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುವಂತಿತ್ತು. ಅವ್ವ ಕನ್ನಡಕ ಏರಿಸಿ ನೋಡಿದಳು. "ಇಭೂತಿ ಗಟ್ಟಿ ಚಲೋ ಬಂದದ. ಹಣಿಗಿ ಹಚ್ಕೊಳ್ಳಾಕ ಮಾಡೀರೇನ್?"

ತಪ್ಪು ಯಾರದೆಂದು ಆಮೇಲೆ ಗೊತ್ತಾಯಿತು. ತಪ್ಪು ಇಂಗ್ಲಿಷಿನದು. ಕಾರ್ನ್ ಎಂಬುದು ಆ ಭಾಷೆಯಲ್ಲಿ ಒಂದು ಕಾಳಿನ ಹೆಸರೇ ಆಗಿರಲಿಲ್ಲ. ಯಾವ ಸೀಮೆಯಲ್ಲಿ ಯಾವ ಧಾನ್ಯ ಹೆಚ್ಚೋ ಅದು ಅಲ್ಲಿಯ ಕಾರ್ನ್. ಇಂಗ್ಲೆಂಡಿನಲ್ಲಿ ಗೋಧಿ ಅದೇ ಹೆಸರಿನಲ್ಲಿ ಬಾಳಿತು, ಅಮೆರಿಕೆಯಲ್ಲಿ ಮೆಕ್ಕೆಜೋಳ. ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಬ್ರೌನ್ ಅಂಡ್ ಪೋಲ್ಸನ್‌ನವರು 1854ರಲ್ಲಿ ಮೆಕ್ಕೆಜೋಳದ ಪಿಷ್ಟಕ್ಕೆ ಪೇಟೆಂಟು ಪಡೆದು ಅದನ್ನೇ ಕಾರ್ನ್ ಫ್ಲೋರ್ ಎಂದು ಮಾರಿದರು. ಬ್ರಿಟಿಷರ ಜೊತೆ ಆ ಹೆಸರು ನಮ್ಮ ಕಿರಾಣಿ ಅಂಗಡಿಗೆ ಬಂತು. ಕಾಳು ನೆನೆಸಿ, ಅರೆದು, ನಾರು ಪ್ರೋಟೀನು ಎಲ್ಲ ತೊಳೆದು ತೆಗೆದ ಮೇಲೆ ಉಳಿಯುವ ಗಂಜಿಪುಡಿ ಅದು. ಅಮೆರಿಕದವರು ಅದಕ್ಕೆ ಸ್ಟಾರ್ಚ್ ಅಂದು ಸುಮ್ಮನಾದರು. ಇಡೀ ಕಾಳು ಬೀಸಿದ ಹಳದಿ ಹಿಟ್ಟು ಅವರಿಗೆ ಫ್ಲೋರ್. ಡಲ್ಲಾಸಿನ ಹುಡುಗಿ ಹಳದಿ ಹೇಳಿದ್ದಳು, ನಾನು ಬಿಳಿ ತಂದಿದ್ದೆ.

ಮೆಲ್ಬೋರ್ನಿನಲ್ಲಿರುವ ಇನ್ನೊಬ್ಬ ಹುಡುಗ ಇದಕ್ಕೂ ಮಿಗಿಲಾದ ಸುದ್ದಿ ಕೊಟ್ಟ. ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಗೋಧಿಯಿಂದ ತೆಗೆದ ಕಾರ್ನ್ ಫ್ಲೋರೂ ಸಿಗುತ್ತದಂತೆ! ಪಾಕೀಟಿನ ಮುಂದೆ ಕಾರ್ನ್, ಹಿಂದಿನ ಸಣ್ಣ ಅಕ್ಷರದಲ್ಲಿ ಗೋಧಿ. ಅವತ್ತು ನಾನು ಭೂತಗನ್ನಡಿ ಕೊಂಡುಕೊಂಡೆ.

ಹಾಗೆಂದು ಇಂಗ್ಲಿಷನ್ನೇ ದೂರಿ ಏನು ಫಲ? ದೂರದ ದೇಶದಿಂದ ಬಂದ ತೆನೆಗೆ ನಾವೂ ನಮ್ಮ ಜೋಳದ ಹೆಸರನ್ನೇ ಅಂಟಿಸಿ, ಹಿಂದೆ ಒಂದು ಮೆಕ್ಕೆ, ಒಂದು ಗೋವು, ಒಂದು ಮುಸುಕು ಸೇರಿಸಿ ಕೈತೊಳೆದುಕೊಂಡವರು. ಅದು ದೂರದಿಂದ ಬಂದದ್ದೇ ಸುಳ್ಳು ಎಂದು ವಾದಿಸಿದವರೂ ಉಂಟು. 1989ರಲ್ಲಿ ಯೋಹಾನ್ನೆಸೆನ್ ಮತ್ತು ಪಾರ್ಕರ್ ಎಂಬ ಅಮೆರಿಕದ ವಿದ್ವಾಂಸರು, ಸೋಮನಾಥಪುರದಂಥ ಹೊಯ್ಸಳ ಗುಡಿಗಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಅಂದರೆ ಕೊಲಂಬಸನಿಗಿಂತ ಮೊದಲೇ ಅದು ಕನ್ನಡನಾಡಿಗೆ ಬಂದಿತ್ತು ಎಂದು ಬರೆದರು. ಅಲ್ಲ, ಅದು ಮುತ್ತು ಪೋಣಿಸಿದ ಕಾಲ್ಪನಿಕ ಮುಕ್ತಾಫಲ ಎಂದು ನಮ್ಮ ದೇಶದ ಸಸ್ಯವಿಜ್ಞಾನಿಗಳು ತಿರುಗುಬಾಣ ಬಿಟ್ಟರು. ಸೊಸೆ ಮೊದಲ ಪಕ್ಷ, ಮನೆಯವರು ಎರಡನೇ ಪಕ್ಷ. ಅದು ಪುರಾತತ್ತ್ವದ ಜಗಳವಾಗಿ ಉಳಿದಿಲ್ಲ.

ಸರಿ, ಹಳದಿ ಹಿಟ್ಟೇ ಆಗಲಿ ಎಂದು ಎರಡು ಕಿಲೋ ಮೆಕ್ಕೆಜೋಳ ಹಸನು ಮಾಡಿಸಿಕೊಂಡು ಗಿರಣಿಗೆ ಹೋದೆ. ಕಾಕಾ ಗೋಧಿ ಬೀಸುತ್ತಿದ್ದರು. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಗೋಧಿ. ಮೊಮ್ಮಗನ ವಿಷಯ ಹೇಳಿ, ಕಲ್ಲು ಚೆನ್ನಾಗಿ ಝಾಡಿಸಿ ಬೀಸಿಕೊಡಿ ಅಂದೆ. ಅವರು ಬೆಲ್ಟು ನಿಲ್ಲಿಸಿದರು. "ಸರ, ಕಲ್ಲಿನ ಸಂದ್ಯಾಗ ಹಿಡಿ ಹಿಟ್ಟು ಉಳದೇ ಉಳೀತದ. ನಾ ಎಷ್ಟ್ ಝಾಡಿಸಿದ್ರೂ ಉಳೀತದ. ಚೀಲದಾಗ ಉಳೀತದ, ಗಾಳ್ಯಾಗ ಹಾರ್ತದ. ಕೂಸಿನ ಸಲುವಾಗಿ ಅಂದ್ರ ನನ್ನ ಗಿರಣಿ ಬ್ಯಾಡ್ರಿ."

ಗಿರಾಕಿಯನ್ನು ಕಳಿಸಿಬಿಟ್ಟ ಆ ಮಾತನ್ನು ನಾನು ಲೆಕ್ಕಕ್ಕೆ ಇಳಿಸಿ ನೋಡಿದೆ. ಗ್ಲುಟೆನ್ ಇಲ್ಲ ಎಂದು ಪಾಕೀಟಿನ ಮೇಲೆ ಬರೆಯಬೇಕಾದರೆ ಒಂದು ಕಿಲೋದಲ್ಲಿ ಅದು 20 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ನಿಯಮ, ಅಂತರರಾಷ್ಟ್ರೀಯ ಅಳತೆಯೂ ಅದೇ. ಗೋಧಿ ಹಿಟ್ಟಿನ ಹತ್ತನೇ ಒಂದು ಪಾಲು ಪ್ರೋಟೀನು, ಅದರಲ್ಲಿ ಬಹುಪಾಲು ಗ್ಲುಟೆನ್. ಹಾಗಾದರೆ ಕಿಲೋ ಹಿಟ್ಟಿಗೆ ದೊಡ್ಡದೊಂದು ಚಿಟಿಕೆ ಗೋಧಿ ಬಿದ್ದರೂ ಗೆರೆ ದಾಟಿತು. ಕಾಕಾನ ಮೀಸೆಯಲ್ಲಿದ್ದದ್ದು ಅದಕ್ಕಿಂತ ಹೆಚ್ಚು.

ಮೆಕ್ಕೆಜೋಳದಲ್ಲಿ ಗಲಾಟೆ ಇಲ್ಲ, ಅದು ಬರುವ ದಾರಿಯಲ್ಲಿ ಇದೆ ಎಂದಾಯಿತು. ಆ ದಾರಿ ಹುಡುಕುತ್ತ ಹಿಂದಕ್ಕೆ ನಡೆದರೆ ನೇರವಾಗಿ ನಮ್ಮ ಅಡುಗೆಮನೆಗೇ ಬಂದು ಮುಟ್ಟಿತು. ಸಾಣಿಗಿ ಒಂದೇ, ಗೋಧಿಗೂ ಅದೇ, ಜೋಳಕ್ಕೂ ಅದೇ. ಮರದ ಲಟ್ಟಣಿಗಿಯ ಬಿರುಕಿನಲ್ಲಿ ಹತ್ತು ವರ್ಷದ ಚಪಾತಿ. ಮೈದಾ ಅಳೆದ ಚಮಚವೇ ಕಾರ್ನ್ ಫ್ಲೋರಿನ ಡಬ್ಬಿಯಲ್ಲಿ ಮಲಗಿತ್ತು. ಭೂತಗನ್ನಡಿ ಹಿಡಿದು ನಾನು ಇಂಗಿನ ಡಬ್ಬಿ ಓದಿದೆ, ಓದಿ ಕುಳಿತುಬಿಟ್ಟೆ. ಶುದ್ಧ ಇಂಗು ಬಲು ಘಾಟು. ಅದನ್ನು ಪುಡಿಯಾಗಿ ಮಾರಲು ಹಿಟ್ಟು ಬೆರೆಸುತ್ತಾರೆ, ನಮ್ಮ ಡಬ್ಬಿಯಲ್ಲಿ ಬೆರೆತದ್ದು ಗೋಧಿಹಿಟ್ಟು. ದಿನಾ ಹುಡುಗನ ಬೇಳೆಗೆ ನಾವೇ ಒಗ್ಗರಣೆ ಹಾಕಿ ಬಡಿಸುತ್ತಿದ್ದೆವು.

"ನನ್ನ ಅಡಗಿಮನಿ ಮೈಲಿಗಿ ಅಂತೀರೇನು?" ಅಂದರು ಮನೆಯವರು. ಹನ್ನೆರಡನೇ ಶತಮಾನದಲ್ಲಿ ಶರಣರು ಕಲ್ಯಾಣದಿಂದ ಓಡಿಸಿದ್ದ ಮಡಿ, ಕುಸನೂರಿನ ನಮ್ಮ ಮನೆಗೆ ಗೋಧಿಯ ವೇಷದಲ್ಲಿ ವಾಪಸು ಬಂತು. ಬೇರೆ ಸಾಣಿಗಿ, ಬೇರೆ ಚಮಚ, ಬೇರೆ ಹಂಚು, ಮೇಲಿನ ಗೂಡು ಹುಡುಗನದು. ಕೆಳಗಿನ ಹಿಟ್ಟು ಮೇಲೆ ಉದುರುವುದಿಲ್ಲ, ಮೇಲಿನದು ಕೆಳಗೆ ಉದುರಿದರೆ ಚಿಂತೆಯಿಲ್ಲ, ಅದಕ್ಕೆ.

ಹಿಟ್ಟಿನ ಸಮಸ್ಯೆ ಬಿಡಿಸಿದ್ದು ಅವ್ವ. "ಅಟ್ಟದ ಮ್ಯಾಲ ನನ್ನ ಬೀಸುಕಲ್ಲದಲ್ಲ." ಇಬ್ಬರು ಹಿಡಿದು ಇಳಿಸಿದೆವು. ನಾನು ಕೇಳಿಯೇಬಿಟ್ಟೆ, "ಅವ್ವ, ಇದರಾಗ ಗ್ವಾದಿ ಬೀಸೀಯೇನ?" ಅವ್ವ ನಕ್ಕಳು. "ಗ್ವಾದಿ ಎಲ್ಲಿತ್ತೋ ಮಗನ? ಹಬ್ಬಕ್ಕ ಗೌಡರ ಮನಿಯಿಂದ ಬೊಗಸಿ ಹಿಟ್ಟು ಬರ್ತಿತ್ತು, ಬೀಸಿದ್ದೇ ಬರ್ತಿತ್ತು. ಈ ಕಲ್ಲು ಜ್ವಾಳ ಬಿಟ್ಟು ಬ್ಯಾರೆ ಕಂಡಿಲ್ಲ."

ಇಲ್ಲದ್ದೇ ಇಲ್ಲಿ ಕಾಪಾಡಿತ್ತು. ವಿಲ್ಲೆಮ್ ಡಿಕೆ ಎಂಬ ಡಚ್ ಮಕ್ಕಳ ವೈದ್ಯನ ಕಥೆಯೂ ಹೀಗೇ ಇದೆ. 1944–45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಯುದ್ಧದ ಹಸಿವು, ಬ್ರೆಡ್ಡು ಸಿಗದು. ಊರೆಲ್ಲ ಸೊರಗಿದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು, ಬ್ರೆಡ್ಡು ಬಂದೊಡನೆ ಮತ್ತೆ ಮಲಗಿದರು. ಗೋಧಿಯ ಮೇಲೆ ಮೊದಲೇ ಅನುಮಾನವಿದ್ದ ಡಿಕೆ 1950ರಲ್ಲಿ ಅದನ್ನೇ ಪ್ರಬಂಧವಾಗಿ ಬರೆದ. ಅವ್ವನಿಗೆ ಹೇಳಿದರೆ, "ನಮ್ಮ ಬರಗಾಲ ಅವ ನೋಡಬೇಕಾಗಿತ್ತು" ಅಂದಳು.

ಕಲ್ಲು ತೊಳೆದು ಒಣಗಿಸಿ, ಎರಡು ಹಿಡಿ ಅಕ್ಕಿ ಬೀಸಿ ಗುಬ್ಬಿಗೆ ಚೆಲ್ಲಿ, ಆಮೇಲೆ ಮೆಕ್ಕೆಜೋಳದ ಬದಲು ನಮ್ಮ ಜೋಳವನ್ನೇ ಹಾಕಿದೆವು. ಗೂಟ ಹಿಡಿದು ನಾನು ಹತ್ತು ಸುತ್ತು ತಿರುಗಿಸುವುದರೊಳಗೆ ಏದುಸಿರು ಬಿಟ್ಟೆ. ಬೀಸುವ ಪದ ಯಾಕೆ ಹುಟ್ಟಿದವು ಎಂಬುದಕ್ಕೆ ಜಾನಪದ ವಿದ್ವಾಂಸರು ಏನೇ ಹೇಳಲಿ, ಹಾಡದಿದ್ದರೆ ಅಳಬೇಕಾಗುತ್ತದೆ, ಅಷ್ಟೇ.

ಎರಡನೇ ಕೇಕಿನ ಹೊತ್ತಿಗೆ ನಮಗೆ ಒಂದಿಷ್ಟು ಬುದ್ಧಿ ಬಂದಿತ್ತು. ಒಂದೂವರೆ ಕಪ್ ಜೋಳದ ಹಿಟ್ಟು ಮೈಗೆ. ಅರ್ಧ ಕಪ್ ಬಿಳಿಪುಡಿ ಮೆದುವಿಗೆ, ಅದೂ ಹೊಸ ಪಾಕೀಟು, ಮೆಕ್ಕೆಜೋಳದ ಪಿಷ್ಟ ಬಿಟ್ಟು ಬೇರೇನೂ ಬರೆಯದ್ದು, ಗೋಧಿಯ ಎಚ್ಚರಿಕೆ ಇಲ್ಲದ್ದು. ಬೇಕಿಂಗ್ ಪುಡಿಯ ಡಬ್ಬಿಯನ್ನೂ ಓದಿದೆ, ಅದರಲ್ಲೂ ಪಿಷ್ಟ ಇರುತ್ತದೆ. ಗೋಧಿಯ ಅಂಟು ಇಲ್ಲದ ಮೇಲೆ ಹಿಟ್ಟನ್ನು ಹಿಡಿದಿಡುವವರು ಬೇಕಲ್ಲ? ಸೊಸೆ ಇಸಬಗೋಲ್ ಹಾಕುತ್ತಾರೆ ಅಂದಳು. ಮಲಬದ್ಧತೆಗೆ ರಾತ್ರಿ ಅದನ್ನೇ ಕುಡಿಯುವ ನಾನು ನನ್ನ ಡಬ್ಬಿ ಕೊಡಲು ಒಪ್ಪಲಿಲ್ಲ. ಮನೆಯವರು ಅಗಸಿ ಪುಡಿ ಮಾಡಿ ಬಿಸಿನೀರಿಗೆ ಹಾಕಿದರು. ಕ್ಷಣದಲ್ಲಿ ಲೋಳೆ ಲೋಳೆಯಾಗಿ ಜಿಗಿ ಬಂತು. ಕುದಿನೀರು ಹೊಯ್ದು ಜೋಳದ ಹಿಟ್ಟಿಗೆ ಜಿಗಿ ತರಿಸಿ ರೊಟ್ಟಿ ಬಡಿಯುವ ಕೈಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ.

ಸಿಹಿಗೆ ಬೆಲ್ಲ ಮತ್ತು ಕಮಲಾಪುರದ ಕೆಂಪು ಬಾಳೆ. ಹುಮನಾಬಾದ್ ರಸ್ತೆಯಲ್ಲಿ ಬಸ್ಸು ಹತ್ತಿ ಹೋಗಿ ನಾನೇ ತಂದೆ. ಭೌಗೋಳಿಕ ಗುರುತು ಪಡೆದ ಹಣ್ಣು, ದಪ್ಪ ಕೆಂಪು ಸಿಪ್ಪೆ, ಘಮಘಮ, ದರ ಕೇಳಿದರೆ ಮಾತ್ರ ಇದೂ ಅಮೆರಿಕದ್ದೇ ಅನ್ನಿಸುತ್ತದೆ. ಎರಡು ಹಣ್ಣು ಕಿವುಚಿ ಹಾಕಿದೆವು. ಮೂರನೆಯದು ದಾರಿಯಲ್ಲಿ ಎಲ್ಲಿ ಹೋಯಿತೆಂದು ಮನೆಯವರು ಇನ್ನೂ ಕೇಳುತ್ತಿದ್ದಾರೆ.

ಸಂಜೆ ಓಣಿಯ ಮಕ್ಕಳು ಸೇರಿದರು. ಕೇಕು ಉಬ್ಬಿತ್ತು, ನೆತ್ತಿಯ ಮೇಲೆ ಮಾತ್ರ ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು. ಆ ಬಿರುಕುಗಳಲ್ಲಿ ಮೇಣದಬತ್ತಿ ಗಟ್ಟಿಯಾಗಿ ನಿಂತವು. ಪಕ್ಕದ ಮನೆಯವರು ಪ್ರೀತಿಯಿಂದ ಉಳಿದ ಮಕ್ಕಳಿಗೆಂದು ಬೇಕರಿಯ ಕೇಕೂ ತಂದಿದ್ದರು, ಅದನ್ನು ಆಗಲೇ ಕೊಯ್ದು ಹಂಚಿಯಾಗಿತ್ತು. ನಾನು ಮೇಜಿನ ಮೇಲಿದ್ದ ಚಾಕು ಎತ್ತಿ ಮೊಮ್ಮಗನ ಕೈಗೆ ಕೊಟ್ಟೆ. ಎಲ್ಲರೂ ಚಪ್ಪಾಳೆಗೆ ಕೈ ಎತ್ತಿದರು.

ಹುಡುಗ ಚಾಕುವನ್ನು ದೀಪಕ್ಕೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಅಜ್ಜಾ, ಇದು ಯಾವುದರ ಮ್ಯಾಲ?"

ಚಪ್ಪಾಳೆ ಅರ್ಧಕ್ಕೇ ನಿಂತಿತು. ಸೊಸೆ ಇನ್ನೊಂದು ಚಾಕು ಹುಡುಕಲು ಒಳಗೆ ಓಡಿದಳು. ಅಷ್ಟರಲ್ಲಿ ಅವ್ವ, "ಚಾಕು ಯಾಕ ಬೇಕೋ, ಕೈಲೇ ಮುರಿ" ಅಂದಳು. ಅವನು ಮೊರಿಯಲ್ಲಿ ಕೈ ತೊಳೆದುಕೊಂಡು ಬಂದು, ರೊಟ್ಟಿ ಮುರಿಯುವ ಹಾಗೆ ಒಂದು ಅಂಚು ಮುರಿದು ಮುತ್ತಜ್ಜಿಯ ಬಾಯಿಗೆ ಇಟ್ಟ. ಹಲ್ಲಿಲ್ಲದ ಬಾಯಿಯಲ್ಲಿ ಅದನ್ನು ಬಹಳ ಹೊತ್ತು ಹೊರಳಿಸಿ ಅವ್ವ ಅಂದಳು:

"ಚಲೋ ಆಗ್ಯದ. ಜರಾ ಶೇಂಗಾ ಹಿಂಡಿ ಹಾಕ್ರಿ."