ಏರು ಬಂದರೆ ಗಾಳಿ ಗಾಜಿಗೆ

ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಬೇಕರ್ ಅಂತ ಒಂದು ಊರಿದೆ. ಊರು ಅನ್ನುವುದು ಮರ್ಯಾದೆಗೆ. ಲಾಸ್ ಏಂಜಲಿಸ್‌ನಿಂದ ಲಾಸ್ ವೇಗಸ್‌ಗೆ ಹೋಗುವ ಐ-15 ಹೆದ್ದಾರಿಯ ಪಕ್ಕ ಒಂದಷ್ಟು ಪೆಟ್ರೋಲ್ ಬಂಕು, ತಿಂಡಿ ಅಂಗಡಿ, ಶೌಚಾಲಯ ಸೇರಿಕೊಂಡು ಊರಾಗಿವೆ. ಊರಿನ ಹೆಮ್ಮೆ ಒಂದು ಥರ್ಮಾಮೀಟರು, ಎತ್ತರ 134 ಅಡಿ. 1913ರ ಜುಲೈ 10ರಂದು ಡೆತ್ ವ್ಯಾಲಿಯಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 56.7 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾಯಿತು. ಅದರ ಗೌರವಾರ್ಥ ಡಿಗ್ರಿಗೊಂದು ಅಡಿಯಂತೆ 1991ರಲ್ಲಿ ಇದನ್ನು ನಿಲ್ಲಿಸಿದರು. ನಡುವೆ ಕೆಲವು ವರ್ಷ ಥರ್ಮಾಮೀಟರೇ ಕೆಟ್ಟು ನಿಂತಿತ್ತು. 2014ರಲ್ಲಿ ರಿಪೇರಿಯಾಗಿ ಮತ್ತೆ ಹೊತ್ತಿಕೊಂಡಿತು. ಅಲ್ಲಿಯವರೆಗೆ ಸೆಕೆಯೋ ಅಲ್ಲವೋ ಅಂತ ಊರಿನವರು ಹೇಗೆ ತೀರ್ಮಾನಿಸುತ್ತಿದ್ದರೋ!

ಜುಲೈ ತಿಂಗಳ ಒಂದು ಮಧ್ಯಾಹ್ನ ಈ ಥರ್ಮಾಮೀಟರಿನ ಬುಡಕ್ಕೆ ಅರ್ವೈನ್‌ನ ಕನ್ನಡ ಸಂಸಾರವೊಂದರ ಮೋಟರ್‌ಹೋಮ್ ಬಂದು ನಿಂತಿತು. ಮೇಲೆ 111 ಅಂತ ಅಂಕಿ ಉರಿಯುತ್ತಿತ್ತು. ಗಾಡಿ ಓಡಿಸುತ್ತಿದ್ದವರು ಅಳಿಯ, ಹಿಂದೆ ಮಗಳು, ಮುಂದೆ ಪಕ್ಕದ ಸೀಟಿನಲ್ಲಿ ಹಾಸನದಿಂದ ಬಂದ ಅತ್ತೆ, ಅವರ ಹಿಂದೆ ಸೋಫಾದಲ್ಲಿ ಮಾವ. ಅತ್ತೆ ಬಾಗಿಲು ತೆಗೆದು 111 ಡಿಗ್ರಿಯ ಬಿಸಿಲಿಗೆ ಇಳಿದವರೇ, "ಸದ್ಯ, ಹೊರಗೆ ತಂಪಾಗಿದೆ" ಅಂದರು.

ಅತ್ತೆಯ ಮಾತಿನ ತೂಕ ಗೊತ್ತಾಗಬೇಕಾದರೆ ಮೋಟರ್‌ಹೋಮಿನ ಒಳಗು ಗೊತ್ತಿರಬೇಕು. ಇದು ಲಾರಿಯ ಚಾಸಿಯ ಮೇಲೆ ಕಟ್ಟಿದ ಮನೆ: ಅಡುಗೆ ಒಲೆ, ಫ್ರಿಜ್, ಮಂಚ, ಸಂಡಾಸು ಎಲ್ಲ ಉಂಟು. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯ ವಿನ್ನೆಬಾಗೊ ಕಂಪನಿ 1966ರಲ್ಲಿ ಇವನ್ನು ಕಾರುಗಳ ಹಾಗೆ ಸಾಲಾಗಿ ತಯಾರಿಸಲು ಶುರುಮಾಡಿ ಬೆಲೆ ಇಳಿಸಿದ ಮೇಲೆ, ಅಮೆರಿಕದ ಮಧ್ಯಮ ವರ್ಗ ಮನೆ ಸಮೇತ ಊರು ಬಿಡುವುದನ್ನು ಕಲಿಯಿತು. ಬಸ್ಸಿನ ಆಕಾರದ ದೊಡ್ಡ ಗಾಡಿಗಳಲ್ಲಿ ಮುಂದಿನ ಗಾಜು ಒಂದು ಗೋಡೆಯಷ್ಟಿರುತ್ತದೆ. ನೋಟಕ್ಕೆ ಬಹಳ ಚೆನ್ನ. ಬಿಸಿಲೂ ಅಲ್ಲಿಂದಲೇ ಒಳಗೆ ಬಂದು ಕೂರುತ್ತದೆ. ಪೆಟ್ರೋಲ್ ಗಾಡಿಯಾದರೆ ಎಂಜಿನ್ನು ಡ್ರೈವರ್ ಮತ್ತು ಪಕ್ಕದ ಸೀಟಿನ ನಡುವೆಯೇ, ಕಾರ್ಪೆಟ್ ಹೊದಿಸಿದ ಮುಚ್ಚಳದ ಕೆಳಗೆ ಮಲಗಿರುತ್ತದೆ. ಅತ್ತೆಯ ಎಡಗಡೆ ಎಂಜಿನ್ನು, ಎದುರಿಗೆ ಸೂರ್ಯ.

ತಂಪಿಗೆ ಎರಡು ಏರ್ಪಾಡು. ಚಾವಣಿಯ ಮೇಲೆ ಮನೆಯದೇ ಎ.ಸಿ., ಒಂದೊಂದು 13,500 ಅಥವಾ 15,000 ಬಿ.ಟಿ.ಯು. ಶಕ್ತಿಯದು. ದಾರಿಯಲ್ಲಿ ಅದು ನಡೆಯಲು ಜನರೇಟರ್ ಬೇಕು. ಎರಡನೆಯದು ಡ್ಯಾಶ್‌ಬೋರ್ಡಿನ ಎ.ಸಿ., ಕಾರಿನಲ್ಲಿರುವಂತೆ ಎಂಜಿನ್ನಿನ ಬೆಲ್ಟಿನಿಂದ ತಿರುಗುವಂಥದ್ದು. ಮುಂದೆ ಕೂತ ಇಬ್ಬರನ್ನು ಕಾಪಾಡಿದರೆ ಅದರ ಕೆಲಸ ಮುಗಿಯಿತು. ಅನುಭವಸ್ಥರು ಸೀಟಿನ ಹಿಂದೊಂದು ಪರದೆ ಕಟ್ಟಿ, ಅಷ್ಟಾದರೂ ತಣ್ಣಗಾಗಲಿ ಅಂತ ಅದಕ್ಕೆ ನೆರವಾಗುತ್ತಾರೆ. ಇನ್ನೂ ಅನುಭವಸ್ಥರು ಸುಮ್ಮನೆ ಜನರೇಟರ್ ಹಾಕುತ್ತಾರೆ. ನಮ್ಮ ಅಳಿಯ ಸಾಫ್ಟ್‌ವೇರಿನವರು. ಒಂದು ಗ್ಯಾಲನ್ನಿಗೆ ಏಳೆಂಟು ಮೈಲಿ ಕೊಡುವ ಗಾಡಿಯಲ್ಲಿ ಕೂತು, ಜನರೇಟರಿಗೆ ಪೆಟ್ರೋಲ್ ದಂಡ ಅನ್ನುವ ಸಿದ್ಧಾಂತ ಅವರದು. "ಡ್ಯಾಶ್ ಎ.ಸಿ. ಇರೋದೇ ಅದಕ್ಕಲ್ವಾ ಅತ್ತೆ? ಅದನ್ನೇ ಸರಿ ಮಾಡಿಸ್ತೀನಿ" ಅನ್ನುತ್ತ ಎರಡು ಬೇಸಿಗೆ ಕಳೆದಿದ್ದರು.

ಮಾಡಿಸುವುದು ಯಾರ ಹತ್ತಿರ? ಡ್ಯಾಶ್ ಎ.ಸಿ.ಯ ಕಂಪ್ರೆಸರ್ ಸಾಮಾನ್ಯವಾಗಿ ಚಾಸಿ ಮಾಡಿದವರದು. ಗಾಳಿ ತಣಿಸುವ ಇವ್ಯಾಪರೇಟರು, ಫ್ಯಾನು, ಗಾಳಿಯ ಗೂಡು, ಡ್ಯಾಶ್‌ಬೋರ್ಡಿನ ಗುಂಡಿಗಳು ಮನೆ ಕಟ್ಟಿದವರದು, ಅವನ್ನೂ ಅವರು ಮೂರನೆಯವರಿಂದ ತಂದು ಕೂರಿಸಿರುತ್ತಾರೆ. ಅಣ್ಣತಮ್ಮಂದಿರು ಪಾಲಾದ ಮೇಲೆ ನಡುಮನೆಯ ಸೋರುವ ಹೆಂಚಿಗೆ ಗತಿಯಿಲ್ಲದಂತೆ ಆಗುತ್ತದೆ ಇದರ ಪಾಡು. ಲಾರಿ ರಿಪೇರಿಯವನು, "ಎಂಜಿನ್ ಕಡೆ ಎಲ್ಲ ಸರಿಯಾಗಿದೆ, ಮನೆ ಕಡೆಯವರಿಗೆ ತೋರಿಸಿ" ಅಂದ. ಮನೆ ಕಡೆಯವನು ಚಾವಣಿ ಎ.ಸಿ., ಫ್ರಿಜ್, ನೀರಿನ ಪಂಪು ಎಲ್ಲಕ್ಕೂ ಸೈ. ಡ್ಯಾಶ್ ಅಂದೊಡನೆ, "ಅದು ಚಾಸಿ, ಲಾರಿಯವರ ಹತ್ತಿರ ಹೋಗಿ" ಅಂದ. ಕಾರಿನ ಎ.ಸಿ. ಮಾಡುವವನಿಗೆ ಕೆಲಸ ಗೊತ್ತಿತ್ತು, ಮನಸ್ಸೂ ಇತ್ತು. ಆದರೆ ಹನ್ನೆರಡು ಅಡಿ ಎತ್ತರದ ಗಾಡಿ ಅವನ ಶೆಡ್ಡಿನ ಬಾಗಿಲಲ್ಲಿ ತೂರಲಿಲ್ಲ.

ಇದಕ್ಕಿಂತ ದೊಡ್ಡ ಕಾಟವೆಂದರೆ, ಯಾವ ಅಂಗಳದಲ್ಲಿ ನಿಲ್ಲಿಸಿ ತೋರಿಸಿದರೂ ಎ.ಸಿ. ಶಿಸ್ತಾಗಿ ತಣ್ಣಗೆ ಬೀಸುತ್ತಿತ್ತು. ಮೆಕ್ಯಾನಿಕ್ಕು ಗಾಳಿಯ ಕಿಂಡಿಗೆ ಪುಟ್ಟ ಥರ್ಮಾಮೀಟರು ಸಿಕ್ಕಿಸಿ, ಏಳು ಡಿಗ್ರಿ ಸೆಲ್ಸಿಯಸ್ ತೋರಿಸಿ, ಗಿರಾಕಿಯ ಮುಖ ನೋಡುತ್ತಿದ್ದ. ಏನೂ ಸಿಗದೆ ಕಳಿಸುವುದು ಹೇಗೆ? "ಸ್ವಲ್ಪ ಗ್ಯಾಸ್ ಹಾಕೋಣ" ಅನ್ನುತ್ತಿದ್ದ. ಹಾಸನದ ಬಿ.ಎಂ. ರಸ್ತೆಯಿಂದ ಅಮೆರಿಕದ ಅರ್ವೈನ್‌ವರೆಗೆ ಎ.ಸಿ. ಅಂದರೆ ಮೊದಲು ಹೊರಡುವ ಮಾತು ಇದೇ.

ಅಮೆರಿಕದಲ್ಲಿ ಗ್ಯಾಸನ್ನು ಅಂಗಡಿಯ ಡಬ್ಬಿಯಲ್ಲೇ ಮಾರುತ್ತಾರೆ. ಹಸಿರು, ಹಳದಿ, ಕೆಂಪು ಬಳಿದ ಗೇಜನ್ನೂ ಜೊತೆಗೆ ಕೊಡುತ್ತಾರೆ. ಹಳೇ ಕಾರುಗಳಲ್ಲಿದ್ದ ಆರ್-12 ಓಜೋನ್ ಪದರ ಕೊರೆಯುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಹೋಗಿ, ಆ ಜಾಗಕ್ಕೆ ಆರ್-134ಎ ಬಂತು. ಗೇಜು ಹಿಡಿದವರು ಎಡವುವುದು ಒಂದು ಸಣ್ಣ ವಿಷಯದಲ್ಲಿ. ಎಂಜಿನ್ ಆರಿಸಿದಾಗ 27 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಈ ಗ್ಯಾಸಿನ ಒತ್ತಡ ಸುಮಾರು 87 ಪಿ.ಎಸ್.ಐ. ಪೈಪುಗಳಲ್ಲಿ ತುಂಬಾ ಇದ್ದರೂ ಅಷ್ಟೇ, ತಳದಲ್ಲಿ ಚೂರು ದ್ರವ ಉಳಿದಿದ್ದರೂ ಅಷ್ಟೇ. ಅಂದರೆ ನಿಂತ ಗಾಡಿಯ ಒತ್ತಡ ಸೆಕೆಯನ್ನು ಹೇಳುತ್ತದೆಯೇ ಹೊರತು ಗ್ಯಾಸ್ ಎಷ್ಟಿದೆ ಅಂತ ಹೇಳುವುದಿಲ್ಲ. ಜಾಸ್ತಿ ತುಂಬಿದರೆ ತಂಪು ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಅಳಿಯ ಇದನ್ನೆಲ್ಲ ಓದಿಕೊಂಡಿದ್ದರು. ಓದಿಕೊಂಡೂ ಒಂದು ಡಬ್ಬಿ ಹಾಕಿದ್ದರು.

ಕಂಪ್ರೆಸರಿನ ಕ್ಲಚ್ಚಿನ ಮೇಲೂ ಅನುಮಾನ ಹಾದುಹೋಯಿತು. ಎ.ಸಿ. ಹಾಕಿದಾಗ 'ಟಕ್' ಅಂತ ಹಿಡಿದುಕೊಳ್ಳುವ ಬಿಲ್ಲೆ ಅದು. ಹಾರ್ನಿನ ರಿಲೇ ಕಿತ್ತು ಕ್ಲಚ್ಚಿನ ರಿಲೇ ಇದ್ದ ಜಾಗಕ್ಕೆ ಹಾಕಿ ನೋಡುವುದು ಈ ಕಸುಬಿನ ಹಳೇ ಉಪಾಯ, ಅದೂ ಆಯಿತು. ಆವತ್ತಿನಿಂದ ಹಾರ್ನಿನ ಸದ್ದು ಒಡಕಾಗಿದೆ ಅನ್ನುವುದು ಮಗಳ ದೂರು. ಕ್ಲಚ್ ಅನ್ನುವುದು ದೊಡ್ಡ ಉಪಕಾರ ಅಂತ ತಿಳಿಯಬೇಕಾದರೆ 1940ರ ಪ್ಯಾಕಾರ್ಡ್ ಕಾರನ್ನು ನೆನೆಯಬೇಕು. ಕಂಪನಿಯೇ ಎ.ಸಿ. ಅಳವಡಿಸಿ ಮಾರಿದ ಮೊದಲ ಕಾರು ಅದು. ಅದರಲ್ಲಿ ಕ್ಲಚ್ ಇರಲಿಲ್ಲ. ಚಳಿಯಾದರೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟು ಬಿಚ್ಚಿಡಬೇಕಿತ್ತು. ಶ್ರೀಮಂತರ ಕಾರು ಅದು. ಬೆಲ್ಟು ಬಿಚ್ಚಲು ಬಹುಶಃ ಆಳಿದ್ದ.

ಸರಿ, ಬೇಕರ್‌ಗೆ ಬರೋಣ. ಕಾಯಿಲೆ ಏನೆಂದು ಮೊದಲು ಹೇಳಿದವರು ಅತ್ತೆ. ಎಂಜಿನಿಯರು, ಮೆಕ್ಯಾನಿಕ್ಕು ಯಾರೂ ಅವರನ್ನು ಕೇಳಿರಲಿಲ್ಲ. ಮಡಿಸಿದ ಕನ್ನಡ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತ ಅವರು ಗಂಡನಿಗೆ ಹೇಳಿದರು:

"ರೀ, ಏರು ಬಂದಾಗೆಲ್ಲ ಮುಖಕ್ಕೆ ಬರೋ ಗಾಳಿ ನಿಂತೋಗುತ್ತೆ. ಗಾಜಿನ ಹತ್ರ ಬುಸುಬುಸು ಅಂತ ಬಿಸಿ ಗಾಳಿ ಏಳುತ್ತೆ. ಇಳಿಜಾರು ಬಂದ್ರೆ ಮತ್ತೆ ಮುಖಕ್ಕೇ ತಣ್ಣಗೆ ಬರುತ್ತೆ. ಬೆಳಗ್ಗೆ ಕಹೋನ್ ಘಾಟಿ ಹತ್ತಿದಾಗಿಂದ ನೋಡ್ತಾ ಇದ್ದೀನಿ."

ಮಾವ ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಶಿರಾಡಿ ಘಾಟಿ ಹತ್ತಿಳಿಯುವ ಬಸ್ಸುಗಳ ಬ್ರೇಕು ನೋಡಿಕೊಂಡವರಿಗೆ ಏರು, ಇಳಿಜಾರು ಅಂದರೆ ಕಿವಿ ನೆಟ್ಟಗಾಗುತ್ತದೆ. ಅಮೆರಿಕಕ್ಕೆ ಬಂದಾಗಿನಿಂದ ಅಳಿಯನ ಗಾಡಿಯ ವಿಷಯದಲ್ಲಿ ಬಾಯಿ ಹಾಕಬಾರದೆಂದು ಮಗಳು ಮಾತು ತೆಗೆದುಕೊಂಡಿದ್ದಳು. ಈಗ ಹೆಂಡತಿಯ ಮೂಲಕ ವಿಷಯ ತಾನಾಗಿ ಬಂದಿತ್ತು.

"ಅಳಿಯಂದ್ರೇ, ಗಾಳಿ ಮುಖಕ್ಕೋ ಗಾಜಿಗೋ ಅಂತ ತಿರುಗಿಸೋ ರೆಕ್ಕೆ ಇರುತ್ತಲ್ಲ, ಅದನ್ನ ಎಳೆಯೋದು ಯಾವುದು? ಕೇಬಲ್ಲೋ, ಮೋಟರೋ?"

ಎರಡೂ ಅಲ್ಲ, ವ್ಯಾಕ್ಯೂಮ್. ಪೆಟ್ರೋಲ್ ಎಂಜಿನ್ನು ಗಾಳಿಯನ್ನು ಒಳಗೆ ಹೀರುತ್ತದೆ. ಆ ಹೀರಿಕೆಯಿಂದಲೇ ಒಂದು ಸಣ್ಣ ರಬ್ಬರ್ ಕೊಳವೆ ಎಳೆದು, ಡ್ಯಾಶ್‌ಬೋರ್ಡಿನೊಳಗಿನ ರೆಕ್ಕೆಗಳನ್ನು ಆಡಿಸುವ ಪದ್ಧತಿ ಅಮೆರಿಕದ ಗಾಡಿಗಳಲ್ಲಿ ಬಹಳ ಕಾಲ ಇತ್ತು. ನಿಂತ ಎಂಜಿನ್ ಸುಮ್ಮನೆ ಗುರುಗುಡುವಾಗ ಹೀರಿಕೆ ಜೋರು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಹೀರಿಕೆ ಹೆಚ್ಚುಕಡಿಮೆ ಸೊನ್ನೆ. ಆ ಹೊತ್ತಿಗೆ ಬೇಕೆಂದು ಒಂದು ಕರೀ ಪ್ಲಾಸ್ಟಿಕ್ ಡಬ್ಬಿಯಲ್ಲಿ ವ್ಯಾಕ್ಯೂಮ್ ಕೂಡಿಟ್ಟಿರುತ್ತಾರೆ, ಹಿಂದಕ್ಕೆ ಹೋಗದಂತೆ ಒಂದು ವಾಲ್ವ್ ಇಟ್ಟಿರುತ್ತಾರೆ. ಡಬ್ಬಿಯೋ ಕೊಳವೆಯೋ ಸೋರಿದರೆ ಕೂಡಿಟ್ಟದ್ದು ಉಳಿಯುವುದಿಲ್ಲ. ಎಳೆಯುವವರಿಲ್ಲದ ರೆಕ್ಕೆ ಗಾಳಿಯನ್ನೆಲ್ಲ ಗಾಜಿಗೆ ತಿರುಗಿಸುತ್ತದೆ. ಇದು ಬೇಕೆಂದೇ ಮಾಡಿದ ಏರ್ಪಾಡು: ಏನು ಕೆಟ್ಟರೂ ಡ್ರೈವರಿಗೆ ಗಾಜು ಮಂಜಾಗದೆ ರಸ್ತೆ ಕಾಣಲಿ ಅಂತ. ಹಲವು ಗಾಡಿಗಳಲ್ಲಿ ಹೀಟರಿನ ಬಿಸಿನೀರನ್ನು ತಡೆದು ಹಿಡಿಯುವ ವಾಲ್ವೂ ಇದೇ ವ್ಯಾಕ್ಯೂಮಿನ ಹಂಗಿನಲ್ಲಿದೆ. ಅದೂ ಕೈಬಿಟ್ಟರೆ ಎಂಜಿನ್ನಿನ ಬಿಸಿನೀರು ಒಳಗೆ ಹರಿದು, ಅತ್ತೆ ಕಂಡ ಬುಸುಬುಸು ಗಾಳಿ ಏಳುತ್ತದೆ. ಸಮತಟ್ಟು ಅಂಗಳದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದವರಿಗೆ ಇದು ಕಾಣುವುದಾದರೂ ಹೇಗೆ?

ಮಾವ ಟವೆಲ್ಲು ತಲೆಗೆ ಸುತ್ತಿ, ಸೀಟುಗಳ ನಡುವಿನ ಮುಚ್ಚಳ ಎತ್ತಿಸಿದರು. ಮೊದಲು ಎಂಜಿನ್ ಆರಿಸಿ, ಕೀಲಿ ಮಾತ್ರ ತಿರುಗಿಸಿ ಫ್ಯಾನು ಹಾಕಿಸಿದರು. ವ್ಯವಸ್ಥೆ ಗಟ್ಟಿಯಾಗಿದ್ದರೆ ಗಾಳಿ ಬಹಳ ಹೊತ್ತು ಮುಖದ ಕಡೆಗೇ ಇರಬೇಕು. ಇಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆಲ್ಲೋ 'ಟಪ್' ಅಂತ ರೆಕ್ಕೆ ಬಿದ್ದು ಗಾಳಿ ಗಾಜಿಗೆ ಹೋಯಿತು. "ಸೋರ್ತಾ ಇದೆ" ಅಂದರು ಮಾವ, ಬಹಳ ದಿನಗಳ ಮೇಲೆ ಸಂತೋಷವಾಗಿ.

ಎಂಜಿನ್ ಮತ್ತೆ ಹಾಕಿಸಿ, ಎಲ್ಲಿ ಸೋರುತ್ತಿದೆ ಅಂತ ಕೇಳಿಸಿಕೊಳ್ಳಲು ಒಂದು ಪೈಪು ಬೇಕಾಯಿತು. ಗಾಡಿಯ ಹೊಟ್ಟೆಯ ಗೂಡು ತೆಗೆದು ಮಾವ ಕೈಗೆ ಸಿಕ್ಕ ದಪ್ಪ ಪೈಪನ್ನು ಕಿವಿಗೆ ಹಿಡಿಯುವಷ್ಟರಲ್ಲಿ ಅಳಿಯ ಕೂಗಿಕೊಂಡು ಓಡಿ ಬಂದರು. ಅದು ಸಂಡಾಸಿನ ತೊಟ್ಟಿ ಖಾಲಿ ಮಾಡುವ ಪೈಪು. ಆಮೇಲೆ ಕುಡಿಯುವ ನೀರಿನ ಬಿಳೀ ಪೈಪು ಬಂತು. ಒಂದು ತುದಿ ಎಂಜಿನ್ನಿನ ಸಂದಿಯಲ್ಲಿ ಅಳಿಯನ ಕೈಯಲ್ಲಿ, ಇನ್ನೊಂದು ಮಾವನ ಕಿವಿಯಲ್ಲಿ. "ಇನ್ನೂ ಕೆಳಕ್ಕೆ... ಅಲ್ಲ, ಎಡಕ್ಕೆ... ಹಾಂ, ಅಲ್ಲೇ ಸುಯ್ ಅಂತಿದೆ." ಖಾತ್ರಿಗೆ ಪಾತ್ರೆ ತೊಳೆಯುವ ಸೋಪಿನ ನೊರೆ ಸವರಿದರು. ಬಸ್ಸಿನ ಏರ್ ಬ್ರೇಕಿನ ಪೈಪಾಗಿದ್ದರೆ ಸೋರುವ ಕಡೆ ಗುಳ್ಳೆ ಏಳುತ್ತಿತ್ತು, ಅಲ್ಲಿ ಗಾಳಿ ಹೊರಕ್ಕೆ ನುಗ್ಗುತ್ತದೆ. ಇಲ್ಲಿ ಗುಳ್ಳೆಯ ಸುಳಿವಿಲ್ಲ. ಮಾವ ಒಂದು ಕ್ಷಣ ಪೆಚ್ಚಾದರು. ಮರುಕ್ಷಣ, ಕರೀ ಡಬ್ಬಿಗೆ ಸಿಕ್ಕಿಸಿದ ಕೊಳವೆಯ ಬಾಯಲ್ಲಿ ನೊರೆ ಒಂದೇ ಕಡೆ ತೂತಾಗಿ ಒಳಕ್ಕೆ ಇಳಿದುಹೋಗುವುದು ಕಂಡಿತು. ಎಂಜಿನ್ನಿನ ಕಾವಿಗೆ ರಬ್ಬರು ಗಟ್ಟಿಯಾಗಿ, ತುದಿಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು.

ಅಡುಗೆಯ ಚಾಕುವಿನಿಂದ ಕೊಳವೆಯ ತುದಿಯನ್ನು ಒಂದು ಗೆಣ್ಣಿನಷ್ಟು ಕತ್ತರಿಸಿ, ಉಳಿದದ್ದನ್ನು ಮತ್ತೆ ಒತ್ತಿ ಸಿಕ್ಕಿಸಿದರು. ಎಂಜಿನ್ ಹಾಕಿ, ಆರಿಸಿ, ಕೀಲಿ ತಿರುಗಿಸಿ ಎಲ್ಲರೂ ಉಸಿರು ಬಿಗಿಹಿಡಿದು ಕೂತರು. 'ಟಪ್' ಬರಲಿಲ್ಲ. ಖರ್ಚು ಸೊನ್ನೆ. ಅಳಿಯ ಎರಡು ಬೇಸಿಗೆಯ ಬಿಲ್ಲುಗಳನ್ನು ಮನಸ್ಸಿನಲ್ಲೇ ಕೂಡಿಕೊಂಡಿರಬೇಕು, ಮಾತಾಡಲಿಲ್ಲ.

ಬೇಕರ್ ಸಾವಿರ ಅಡಿಗಿಂತ ತಗ್ಗಿನಲ್ಲಿದೆ. ವೇಗಸ್ ಕಡೆಗೆ ಹೊರಟರೆ ರಸ್ತೆ ಹ್ಯಾಲರನ್ ಶಿಖರದ ನಾಲ್ಕು ಸಾವಿರ ಅಡಿಗೆ ಒಂದೇ ಸಮನೆ ಹತ್ತುತ್ತದೆ. ಕೊಳವೆ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ರಸ್ತೆ ಸಿಗುವುದಿಲ್ಲ. ಅಳಿಯ ಆಕ್ಸಿಲರೇಟರ್ ಪೂರ್ತಿ ಒತ್ತಿದರು. ಎಂಜಿನ್ನು ಹೂಂಕರಿಸಿತು. ಗಾಳಿ ಅತ್ತೆಯ ಮುಖಕ್ಕೇ, ತಣ್ಣಗೆ. "ಈಗ ಸರಿಹೋಯ್ತು ನೋಡಿ" ಅಂತ ಅವರು ಪತ್ರಿಕೆ ಮಡಿಸಿ ಚೀಲಕ್ಕೆ ಹಾಕುವ ಹೊತ್ತಿಗೆ ರಸ್ತೆಯ ಪಕ್ಕದ ಸರ್ಕಾರಿ ಫಲಕ ಎದುರಾಯಿತು. ಎಂಜಿನ್ ಕುದಿಯದಿರಲು ಮುಂದಿನ ಏರು ಮುಗಿಯುವವರೆಗೆ ಎ.ಸಿ. ಆರಿಸಿ ಅಂತ ಅದರಲ್ಲಿ ಬರೆದಿತ್ತು.

ಕಾನೂನು ಅಂದರೆ ಕಾನೂನು ಅನ್ನುವ ಅಳಿಯ ಕೈ ಮುಂದೆ ಚಾಚಿದರು.

"ಅಳಿಯಂದ್ರೇ, ಅದನ್ನ ಮುಟ್ಟಬೇಡಿ" ಅಂದರು ಅತ್ತೆ.

"ಅತ್ತೆ, ಬೋರ್ಡಲ್ಲಿ ಬರೆದಿದ್ದಾರೆ. ಎಂಜಿನ್ ಬಿಸಿಯಾಗುತ್ತೆ."

"ಆಗಲಿ. ಇಷ್ಟು ಹೊತ್ತು ನಾನು ಆಗಿರಲಿಲ್ವಾ?"

ಮಾವ ಹಿಂದಿನಿಂದ ಬಗ್ಗಿ ಮೀಟರಿನ ಮುಳ್ಳು ನೋಡಿ, ಶಿರಾಡಿಯಲ್ಲಿ ಬಸ್ಸುಗಳು ಹೇಗೆ ಹತ್ತುತ್ತಿದ್ದವು ಅಂತ ಶುರುಮಾಡಿದರು. ಮಗಳು ಯಾರನ್ನೂ ಕೇಳದೆ ಎದ್ದು ಬಂದು, ಡ್ಯಾಶ್‌ಬೋರ್ಡಿನ ಎ.ಸಿ. ಆರಿಸಿ, ಪಕ್ಕದಲ್ಲೇ ಇದ್ದ ಜನರೇಟರಿನ ಗುಂಡಿ ಒತ್ತಿದಳು.