ಹಳೇ ಮನೆಯ ಸಂಧಿ ಪ್ರಕರಣ

ಕನ್ನಡದ ಸಂಧಿಗಳಿಗೆ ಕೇಶಿರಾಜ ಸೂತ್ರ ಬರೆದಿಟ್ಟ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಹಳೇ ಮನೆ ಕಂಡವರೆಲ್ಲ ‘ಅಯ್ಯೋ, ಎಷ್ಟು ಚೆನ್ನಾಗಿತ್ತು, ಕೆಡಿಸಿಬಿಟ್ಟರು’ ಎಂದು ಲೊಚಗುಟ್ಟಿ ಮುಂದೆ ಹೋಗುತ್ತಾರೆ. ಕೆಡಿಸುವುದಕ್ಕೂ ವ್ಯಾಕರಣವಿದೆ ಎಂಬುದೇ ಈ ಪ್ರಕರಣದ ಪ್ರತಿಜ್ಞೆ.

ಮೊದಲು ಪ್ರಕೃತಿ, ಅಂದರೆ ಮೂಲರೂಪ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದ ಮೇಲೆ ಪೇಟೆಯ ಇಕ್ಕಟ್ಟಿಗೆ ಹೆದರಿದವರು ಈ ಬಡಾವಣೆಗಳಿಗೆ ಬಂದು ಮನೆ ಕಟ್ಟಿದರು. ಗಾಳಿ ಬೆಳಕೇ ಮದ್ದು ಎಂದು ನಂಬಿದ್ದ ಕಾಲ. ಹಾಗಾಗಿ ಸುತ್ತ ಕಾಂಪೌಂಡು, ಮುಂದೆ ವರಾಂಡ, ಒಳಗೆ ಎತ್ತರದ ಹಜಾರ, ಗೋಡೆಯ ನೆತ್ತಿಯಲ್ಲಿ ಹಗ್ಗ ಎಳೆದು ತೆರೆಯುವ ವೆಂಟಿಲೇಟರು, ಕಿಟಕಿಯ ಮೇಲೆ ಮರದ ಪಟ್ಟಿ ಜೋಡಿಸಿದ ಚೂಪು ಮುಡಿ. ಈ ಮುಡಿಯನ್ನು ಊರೆಲ್ಲ ಮಂಕಿ ಟಾಪ್ ಎನ್ನುತ್ತದೆ. ವರಾಂಡಕ್ಕೆ ಮಂಗಳೂರು ಹೆಂಚು, ಒಳಮನೆಗೆ ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಮಗ್ಗುಲಿಗೆ ನಿಲ್ಲಿಸಿ ಗಾರೆ ತುಂಬುತ್ತಿದ್ದರು. ಅದರ ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿದ ಸುಣ್ಣ ಹರಡಿ, ಅಳಲೆಕಾಯಿ ಮತ್ತು ಬೆಲ್ಲದ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಮನೆಯ ಮುಂದೆ ಕಲ್ಲಿನಲ್ಲಿ ಕೆತ್ತಿರುವುದು ಮಾತ್ರ ಯಜಮಾನರ ಹೆಸರು.

ಲೋಪ ಸಂಧಿಯಲ್ಲಿ ಹೇಳುವುದು ಹೆಚ್ಚಿಲ್ಲ. ಬಾವಿ ಮುಚ್ಚಿತು, ಹಂಡೆಯೊಲೆ ಹೋಯಿತು, ಗೆದ್ದಲು ಹಿಡಿದ ಮಂಕಿ ಟಾಪನ್ನು ಯಾರೋ ಕಿತ್ತು ನೀರೊಲೆಗೆ ಹಾಕಿದರು. ಇವುಗಳ ಕ್ರಮ ಗಮನಿಸಬೇಕು: ಮಂಕಿ ಟಾಪ್ ಉರಿದ ನಂತರವೇ ಒಲೆ ಲೋಪವಾದದ್ದು.

ಆಗಮ ಸಂಧಿಯ ಕ್ಷೇತ್ರ ವಿಸ್ತಾರವಾದದ್ದು. ಮೊದಲ ಆಗಮ ವಿದ್ಯುತ್ತು. 1905ರಲ್ಲಿ ಬೀದಿಗೆ ಬಂದ ದೀಪ ಕ್ರಮೇಣ ಮನೆಯೊಳಕ್ಕೂ ಬಂತು. ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು ತಂತಿ ಎಳೆದರು. ಪಟ್ಟಿ ಕಿತ್ತ ಗುರುತು ಇವತ್ತಿಗೂ ಬಣ್ಣದ ಕೆಳಗಿಂದ ಉಬ್ಬಿ ಕಾಣುತ್ತದೆ.

ಎರಡನೆಯದು ಕಕ್ಕಸು. ಇದನ್ನು ತಮಾಷೆಯಲ್ಲಿ ತೇಲಿಸಿಬಿಡಲು ಬರುವುದಿಲ್ಲ. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಇಟ್ಟದ್ದು ಗಾಳಿಗಲ್ಲ. ಮಲ ಹೊರುವವರು ಮುಂಬಾಗಿಲ ಕಡೆ ಸುಳಿಯದೆ, ಕಣ್ಣಿಗೆ ಬೀಳದೆ ಬಂದು ಹೋಗಲಿ ಎಂದು. ಪ್ಲೇಗಿನಿಂದ ಪಾಠ ಕಲಿತ ನಕ್ಷೆ ಜಾತಿಯಿಂದ ಯಾವ ಪಾಠವನ್ನೂ ಕಲಿಯಲಿಲ್ಲ. ಒಳಚರಂಡಿ ಬಂದ ಮೇಲೂ ‘ದೇವರಮನೆ ಇರುವ ಸೂರಿನಡಿ ಅದೆಲ್ಲ ಬೇಡ’ ಎಂದ ಮನೆಗಳುಂಟು. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಹಿತ್ತಲ ಕೊನೆಯಲ್ಲಿದ್ದ ತಗಡಿನ ಬಾಗಿಲು ಕೋಣೆಯಿಂದ ಕೋಣೆಗೆ ಸರಿಯುತ್ತ ಕೊನೆಗೆ ಮಲಗುವ ಕೋಣೆಗೇ ಅಂಟಿಕೊಂಡು ಅಟ್ಯಾಚ್ಡ್ ಬಾತ್‌ರೂಮ್ ಆಯಿತು. ಈ ಮನೆಗಳ ಇತಿಹಾಸದಲ್ಲಿ ಇಷ್ಟು ದೂರ ನಡೆದ ಕೋಣೆ ಇನ್ನೊಂದಿಲ್ಲ.

ಮೂರನೆಯದು ಹೊರಗಿನ ಮೆಟ್ಟಿಲು. ಮೇಲೆ ಬಾಡಿಗೆದಾರ ಬೇಕು, ಆದರೆ ಅವನು ನಮ್ಮ ಹಜಾರ ತುಳಿಯಬಾರದು ಎಂಬ ಸೂತ್ರದಿಂದ ಸಿದ್ಧವಾಗುವ ರೂಪ. ಗ್ರಿಲ್ಲು, ಸಂಪು, ಕಾರ್ ಷೆಡ್ಡು, ಅದಕ್ಕೆ ಷಟರ್ ಎಳೆದರೆ ಜೆರಾಕ್ಸ್ ಅಂಗಡಿ: ಇವೆಲ್ಲ ಉಪಸೂತ್ರಗಳು.

ಎರಡು ಸ್ವರ ಎದುರುಬದುರಾದಾಗ ನಡುವೆ ಯಕಾರವೋ ವಕಾರವೋ ಬರುತ್ತದೆಂದು ಶಾಲೆಯಲ್ಲೇ ಕಲಿತಿದ್ದೇವೆ. ಅಣ್ಣತಮ್ಮಂದಿರ ಸ್ವರ ಎದುರಾದಾಗ ನಡುವೆ ಗೋಡೆ ಬರುತ್ತದೆ. ಬಸವನಗುಡಿಯ ಒಂದು ಮನೆಯಲ್ಲಿ ಆ ಗೋಡೆ ಹಜಾರದ ಕಮಾನಿನ ನೆತ್ತಿಗೆ ಸರಿಯಾಗಿ ನಿಂತಿದೆ. ಗಾರೆಯ ಹೂವಿನ ಅರ್ಧ ಅಣ್ಣನ ಪಾಲಿಗೆ, ಅರ್ಧ ತಮ್ಮನ ಪಾಲಿಗೆ. ಅಣ್ಣ ತನ್ನರ್ಧಕ್ಕೆ ಹಸಿರು ಎನಾಮಲ್ ಬಳಿಸಿದ; ತಮ್ಮ ಫಾಲ್ಸ್ ಸೀಲಿಂಗ್ ಹಾಕಿಸಿ ಮುಚ್ಚಿದ. ವೆಂಟಿಲೇಟರು ತಮ್ಮನ ಕಡೆ ಬಂತು, ಅದನ್ನು ಎಳೆಯುವ ಹಗ್ಗ ಅಣ್ಣನ ಕಡೆ ಉಳಿಯಿತು. ದ್ವಂದ್ವ ಸಮಾಸಕ್ಕೆ ಇದಕ್ಕಿಂತ ಸೊಗಸಾದ ವಿಗ್ರಹವಾಕ್ಯ ನಾನು ಕಂಡಿಲ್ಲ.

ಆದೇಶ ಸಂಧಿಯಲ್ಲಿ ಕ, ತ, ಪ ಇದ್ದಲ್ಲಿ ಗ, ದ, ಬ ಬಂದು ಕೂರುವಂತೆ ರೆಡ್ ಆಕ್ಸೈಡ್ ನೆಲವಿದ್ದಲ್ಲಿ ಮೊಸಾಯಿಕ್, ಮೊಸಾಯಿಕ್ ಇದ್ದಲ್ಲಿ ಗ್ರಾನೈಟ್ ಬಂದು ಕೂರುತ್ತದೆ. ಹೊಸಿಲು ಮಾತ್ರ ಇದ್ದಲ್ಲೇ ಇರುವುದರಿಂದ ಪ್ರತಿ ಆದೇಶಕ್ಕೂ ಅದರ ಎತ್ತರ ಒಂದಿಷ್ಟು ತಗ್ಗುತ್ತದೆ. ಎಷ್ಟು ತಗ್ಗಿದೆ ನೋಡಿ ಎಷ್ಟನೇ ನೆಲವೆಂದು ಹೇಳಬಹುದು. ಆದೇಶಗಳಲ್ಲಿ ಅಪಾಯಕಾರಿಯಾದದ್ದು ಸುಣ್ಣದ ಜಾಗಕ್ಕೆ ಬರುವ ಸಿಮೆಂಟು. ಹಳೇ ಗೋಡೆ ನೀರು ಹೀರುತ್ತದೆ, ಸುಣ್ಣದ ಗಾರೆಯಾದರೆ ಅದನ್ನು ಮೆಲ್ಲಗೆ ಹೊರಗೆ ಬಿಡುತ್ತದೆ. ಸಿಮೆಂಟು ಬಾಯಿ ಕಟ್ಟುತ್ತದೆ. ಒಳಗಿನ ತೇವ ದಾರಿ ಕಾಣದೆ ಮೇಲೇರಿ ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಆಗ ಮೇಸ್ತ್ರಿ ಬಂದು ತಟ್ಟಿ ನೋಡಿ, ‘ಹಳೇ ಗೋಡೆ ಸಾರ್, ಇನ್ನೊಂದು ಕೋಟ್ ಸಿಮೆಂಟ್ ಹಾಕಿಬಿಡಣ’ ಎನ್ನುತ್ತಾನೆ.

ವಾಸ್ತುವಿನವರ ಮಾತು ಕೇಳಿ ಮುಂಬಾಗಿಲು ಸರಿಸಿದ್ದು ಯಾವ ಸಂಧಿಗೂ ಸೇರದು. ಅದಕ್ಕೆ ಕಾರಣ ವ್ಯಾಕರಣದಲ್ಲಿಲ್ಲ, ಜಾತಕದಲ್ಲಿದೆ.

ಉಳಿದದ್ದು ಪ್ರಕೃತಿಭಾವ: ಸಂಧಿಯೇ ಆಗದ ಸ್ಥಿತಿ. ಮಂಕಿ ಟಾಪ್, ಕೆಂಪು ನೆಲ, ಹಂಡೆಯೊಲೆ ಎಲ್ಲ ಇದ್ದ ಹಾಗೇ ಇರುವ ಮನೆ ಕಂಡರೆ ಪರಂಪರೆಯ ಅಭಿಮಾನಿಗಳು ಫೋಟೊ ತೆಗೆದು ಯಜಮಾನರ ಅಭಿರುಚಿಯನ್ನು ಹೊಗಳುತ್ತಾರೆ. ವಿಚಾರಿಸಿದರೆ ಕಾರಣ ಹೆಚ್ಚಾಗಿ ಎರಡೇ. ಒಂದು, 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದ ಬಾಡಿಗೆದಾರ. ಅವನು ಕೊಡುತ್ತಿದ್ದ ದುಡ್ಡಿಗೆ ಮಾಲೀಕ ಒಂದು ಹೆಂಚನ್ನೂ ಬದಲಿಸಲಿಲ್ಲ. ಇನ್ನೊಂದು, ಪಾಲಿನ ದಾವೆ. ತಡೆಯಾಜ್ಞೆ ಇರುವ ಮನೆಗೆ ಮೊಳೆ ಹೊಡೆಯಲೂ ವಕೀಲರನ್ನು ಕೇಳಬೇಕು. ಬೆಂಗಳೂರಿನ ಹಳೇ ಮನೆಗಳನ್ನು ಸಿವಿಲ್ ಕೋರ್ಟು ಕಾಪಾಡಿದಷ್ಟು ಯಾವ ಸಂಘವೂ ಕಾಪಾಡಿಲ್ಲ ಎಂಬುದು ನನ್ನ ಮತ.

ದಾವೆ ರಾಜಿಯಾದ ವಾರದಲ್ಲೇ ಬ್ರೋಕರು ಬರುತ್ತಾರೆ. ಅವರದು ಬೇರೆ ಸಂಪ್ರದಾಯ. ಲೋಪ, ಆಗಮ, ಆದೇಶ ಯಾವುದನ್ನೂ ಒಪ್ಪುವುದಿಲ್ಲ. ಅವರ ಪುಸ್ತಕದಲ್ಲಿರುವುದು ಒಂದೇ ಸಾಲು: ಕಾರ್ನರ್ ಸೈಟು, ಪೂರ್ವ ದಿಕ್ಕು, ಎ ಖಾತಾ, ಹಳೇ ಕಟ್ಟಡ ಇದೆ, ಒಡೆಸಿ ಕೊಡಲಾಗುವುದು.